ಮಾರಾ ಎಂದು ಯಾರೂ ಕರೆಯಲಿಲ್ಲ

ಮಣ್ಣು ಮಾಡಿ ಮೂರನೆಯ ದಿನದ ಪ್ರಾರ್ಥನೆ. ಅಂಗಳದಲ್ಲಿ ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು, ಒಳಗೆ ಚಾಪೆ. ಹಾಡು ಮುಗಿದಿತ್ತು, ಸಭಾಪಾಲಕರು ಇನ್ನೂ ಪುಸ್ತಕ ತೆರೆದಿರಲಿಲ್ಲ. ಆ ನಡುವಿನ ಮೌನದಲ್ಲಿ, ಮಗನನ್ನು ಕಳೆದುಕೊಂಡ ತಾಯಿ ಯಾರಿಗೂ ಅಲ್ಲ, ತನಗೇ ಹೇಳಿಕೊಳ್ಳುವಂತೆ, “ದೇವರು ನನಗೆ ಮೋಸ ಮಾಡಿಬಿಟ್ಟ” ಎಂದರು. ದನಿ ಏರಿರಲಿಲ್ಲ. ಆದರೂ ಅಂಗಳದ ಕುರ್ಚಿಗಳೆಲ್ಲ ಒಮ್ಮೆ ಕಿರುಗುಟ್ಟಿದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಹಾಗೆಲ್ಲ ಅನ್ನಬಾರದಮ್ಮ, ಮನಸ್ಸಲ್ಲಿ ಕಹಿ ಇಟ್ಕೋಬಾರದು, ಬೈಬಲ್ಲೇ ಹೇಳುತ್ತೆ” ಎಂದು ಮೆಲ್ಲಗೆ ತಿದ್ದಿದರು. ಆಕೆ ತಲೆಯಾಡಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು. ಪ್ರಾರ್ಥನೆ ಮುಗಿಯುವ ತನಕ ಅಡುಗೆಮನೆಯಲ್ಲಿ ಲೋಟ ಎಣಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಆಕೆ ಅಳಲಿಲ್ಲ. ಎಲ್ಲರಿಗೂ ಚಹಾ ಬಂತೇ ಎಂದು ವಿಚಾರಿಸಿದರು.

ಹಿರಿಯರು ಹೇಳಿದ್ದು ಸುಳ್ಳಲ್ಲ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ತೊರೆದುಬಿಡಬೇಕಾದ ದುರ್ಗುಣಗಳ ಪಟ್ಟಿಯೊಂದಿದೆ. ಗ್ರೀಕ್ ಮೂಲದಲ್ಲಿ ಅದರ ಮೊದಲ ದುರ್ಗುಣವೇ ಪಿಕ್ರಿಯ, ಅಂದರೆ ಕಹಿ; ಕೋಪ, ಕೂಗಾಟ, ದೂಷಣೆಗಳೆಲ್ಲ ಆಮೇಲೆ ಬರುತ್ತವೆ. ಆದರೆ ಆ ವಚನ ಆ ಅಂಗಳಕ್ಕೆ ಸಲ್ಲುವಂಥದ್ದಾಗಿರಲಿಲ್ಲ. ಬೈಬಲ್ಲಿನಲ್ಲಿ ಕಹಿ ಒಂದೇ ಬಗೆಯದಲ್ಲ. ಒಂದನ್ನು ಅದು ಬಿಡು ಎನ್ನುತ್ತದೆ, ಇನ್ನೊಂದನ್ನು ಕುಳಿತು ಕೇಳಿಸಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಕಟ್ಟಿಟ್ಟವರು ನಾವು.

ಹಾಗೆ ಕೇಳಿಸಿಕೊಂಡ ಕಹಿಯೊಂದು ರೂತಳ ಪುಸ್ತಕದಲ್ಲಿದೆ. ಅದು ನಾಲ್ಕೇ ಅಧ್ಯಾಯದ್ದು. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಗೇ ಬರ ಬಂದು, ಎಲೀಮೆಲೆಕನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕಟ್ಟಿಕೊಂಡು ಮೋವಾಬ್ ದೇಶಕ್ಕೆ ಗುಳೆ ಹೋದ. ಗುಳೆ ಎಂದರೇನೆಂದು ನಮ್ಮ ರಾಯಚೂರು, ಕೊಪ್ಪಳದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗಂಡ ಸತ್ತ. ಮಹ್ಲೋನ್, ಕಿಲ್ಯೋನ್ ಇಬ್ಬರೂ ಮೋವಾಬಿನ ಹುಡುಗಿಯರನ್ನು ಮದುವೆಯಾದರು. ಸುಮಾರು 10 ವರ್ಷ ಕಳೆಯುವಷ್ಟರಲ್ಲಿ ಅವರೂ ಸತ್ತರು. ಇಷ್ಟನ್ನೆಲ್ಲ ಕಥೆಗಾರ ಐದೇ ವಚನಗಳಲ್ಲಿ ಹೇಳಿ ಮುಗಿಸುತ್ತಾನೆ. ಅವನಿಗೆ ಸಾವುಗಳಲ್ಲಿ ಆಸಕ್ತಿಯಿಲ್ಲ, ಸಾವುಗಳ ನಂತರ ಊರಿಗೆ ಮರಳುವ ಹೆಂಗಸಿನಲ್ಲಿ ಇದೆ.

ಅವಳು ಮರಳುತ್ತಾಳೆ. ಜವೆಗೋಧಿಯ ಕೊಯ್ಲು ಆಗಷ್ಟೇ ಶುರುವಾಗಿದೆ. ಊರಿಗೆ ಊರೇ ಗಲಿಬಿಲಿಗೊಂಡು, ಹೆಂಗಸರು ಇವಳು ನೊವೊಮಿಯೇ ಎಂದು ಕೇಳುತ್ತಾರೆ. ಮುಖ ಅಷ್ಟು ಬದಲಾಗಿತ್ತೋ ಏನೋ. ನೊವೊಮಿ ಎಂಬ ಹೆಸರಿನಲ್ಲಿ ಸವಿ, ಹಿತ ಎಂಬ ಅರ್ಥವಿದೆ. ಆ ಹೆಸರು ತನಗೆ ಬೇಡ, ಮಾರಾ ಎಂದು ಕರೆಯಿರಿ ಎನ್ನುತ್ತಾಳೆ ಅವಳು. ಮಾರಾ ಎಂದರೆ ಕಹಿ. ತನ್ನ ಬಾಳನ್ನು ಕಹಿ ಮಾಡಿದವನು ಸರ್ವಶಕ್ತನೇ ಎಂದು ನಡುಬೀದಿಯಲ್ಲಿ ನಿಂತು ಬೆರಳು ತೋರಿಸುತ್ತಾಳೆ. ಸುತ್ತುಬಳಸಿನ ಮಾತಿಲ್ಲ, ‘ಆತನ ಚಿತ್ತ’ ಎಂಬ ತೇಪೆಯಿಲ್ಲ. ತುಂಬಿಕೊಂಡು ಹೋದವಳನ್ನು ಬರಿಗೈಯಲ್ಲಿ ತಂದುಬಿಟ್ಟ ಎನ್ನುತ್ತಾಳೆ. ಹಾಗೆನ್ನುವಾಗ ಅವಳ ಪಕ್ಕದಲ್ಲೇ ಸೊಸೆ ರೂತ್ ನಿಂತಿದ್ದಾಳೆ! ತವರು, ದೇವರು, ಭಾಷೆ ಎಲ್ಲವನ್ನೂ ಬಿಟ್ಟು ಅತ್ತೆಯ ಹಿಂದೆ ನಡೆದು ಬಂದವಳು. ಆ ‘ಬರಿಗೈ’ ಎಂಬ ಮಾತು ಅವಳ ಕಿವಿಗೆ ಹೇಗೆ ಕೇಳಿಸಿರಬಹುದು ಎಂದು ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ದುಃಖದಲ್ಲಿರುವವರಿಗೆ ಪಕ್ಕದಲ್ಲಿ ಇರುವವರು ಕಾಣುವುದಿಲ್ಲ. ರೂತ್ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತಿಲ್ಲ.

ನೊವೊಮಿಯ ಮಾತಿಗೆ ಯಾರೂ ಎದುರು ನುಡಿಯುವುದಿಲ್ಲ. ಊರಿನ ಹೆಂಗಸರು ಬುದ್ಧಿ ಹೇಳುವುದಿಲ್ಲ. ಬಾಯಿ ಮುಚ್ಚಿಸಲು ಪ್ರವಾದಿ ಬರುವುದಿಲ್ಲ. ದೇವರಂತೂ ಈ ಇಡೀ ಪುಸ್ತಕದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಮಾರಾ ಎಂದು ಕರೆಯಿರಿ ಎಂದು ಅವಳು ಕೇಳಿಕೊಂಡಳಲ್ಲ, ಆಮೇಲೆ ಯಾರೂ ಹಾಗೆ ಕರೆಯುವುದೇ ಇಲ್ಲ. ಕಥೆಗಾರ ಮುಂದಿನ ವಚನದಲ್ಲೇ ನೊವೊಮಿ ಎಂದು ಬರೆಯುತ್ತಾನೆ, ಕೊನೆಯವರೆಗೂ ಹಾಗೇ ಬರೆಯುತ್ತಾನೆ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಆ ಹೆಸರನ್ನು ಮಾತ್ರ ಅವಳಿಗೆ ಅಂಟಿಸಲಿಲ್ಲ.

ಅವಳಿಗೆ ಸಿಕ್ಕ ಮೊದಲ ಉತ್ತರ ಹುರಿದ ಕಾಳು. ರೂತ್ ಹಗಲೆಲ್ಲ ಬೋವಜ ಎಂಬವನ ಹೊಲದಲ್ಲಿ ಹಕ್ಕಲಾಯ್ದು ಸಂಜೆ ಜವೆಗೋಧಿ ಹೊತ್ತು ತರುತ್ತಾಳೆ. ಅದರ ಜೊತೆಗೆ, ಮಧ್ಯಾಹ್ನ ಬೋವಜ ಕೊಟ್ಟ ಹುರಿದ ಕಾಳಿನಲ್ಲಿ ತಾನು ತಿಂದು ಮಿಕ್ಕಿದ್ದನ್ನು ಜೋಪಾನವಾಗಿ ತೆಗೆದಿಟ್ಟಿದ್ದವಳು ಅತ್ತೆಯ ಕೈಗೆ ಕೊಡುತ್ತಾಳೆ. ಕಥೆಗಾರನಿಗೆ ಈ ಮಿಕ್ಕಿದ್ದರ ಮಾತು ಬಿಡಲು ಮನಸ್ಸಾಗಿಲ್ಲ, ಎರಡು ಸಲ ಹೇಳುತ್ತಾನೆ.

ಹೀಬ್ರೂ ಭಾಷೆಯಲ್ಲಿ ‘ಮರ್’ ಎಂದರೆ ಕಹಿ. ಅದರ ಬಳಗ ದೊಡ್ಡದು. ಕೆಂಪು ಸಮುದ್ರ ದಾಟಿ ಮೂರು ದಿನ ನೀರಿಲ್ಲದೆ ನಡೆದ ಇಸ್ರಾಯೇಲ್ಯರಿಗೆ ಸಿಕ್ಕ ಕಹಿನೀರಿನ ತಾಣದ ಹೆಸರೂ ಮಾರಾ. ಅಲ್ಲಿ ಮೋಶೆ ಒಂದು ಮರವನ್ನು ನೀರಿಗೆ ಹಾಕಿದ, ನೀರು ಸಿಹಿಯಾಯಿತು. ಪ್ರಸಂಗಗಳಲ್ಲಿ ಈ ಮರವೇ ಶಿಲುಬೆಯಾಗಿ ಅರ್ಧ ಗಂಟೆ ಓಡುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಮೂಡಣದ ಜ್ಞಾನಿಗಳು ಯೇಸುವಿನ ತೊಟ್ಟಿಲಿಗೆ ತಂದ, ನಿಕೊದೇಮನು ಯೇಸುವಿನ ಸಮಾಧಿಗೆ ತಂದ ರಕ್ತಬೋಳಕ್ಕೆ ಹೀಬ್ರೂವಿನಲ್ಲಿ ‘ಮೋರ್’ ಎನ್ನುತ್ತಾರೆ. ಅದೂ ಇದೇ ಬಳಗದ್ದು.

ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಪಸ್ಕಹಬ್ಬದ ಕಹಿಸೊಪ್ಪು, ‘ಮಾರೋರ್’. ಅದನ್ನು ತಿನ್ನಬೇಕೆಂಬುದು ವಿಮೋಚನಕಾಂಡದ ಅಪ್ಪಣೆ; ಐಗುಪ್ತದಲ್ಲಿ ಇಟ್ಟಿಗೆ ಹೊತ್ತ ದಿನಗಳ ನೆನಪಿಗೆ ಎಂಬುದು ಸಂಪ್ರದಾಯದ ಮಾತು. ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ ಐದು ಬಗೆಯ ಸೊಪ್ಪುಗಳನ್ನು ಹೆಸರಿಸುತ್ತದೆ. ಮೊದಲನೆಯದು ಲೆಟಿಸ್, ಎಳೆಯದಾಗಿದ್ದಾಗ ಮೃದು, ಬಲಿತರೆ ಗಡುಸು, ಐಗುಪ್ತವೂ ಹಾಗೇ ನಡೆಸಿಕೊಂಡಿತು ಎನ್ನುತ್ತಾರೆ ರಬ್ಬಿಗಳು. ಸೊಪ್ಪನ್ನು ಹಣ್ಣು, ಬೀಜ ಅರೆದ ಸಿಹಿ ಲೇಹ್ಯದಲ್ಲಿ ಅದ್ದುತ್ತಾರೆ, ಆದರೆ ಕಹಿ ಮುಚ್ಚಿಹೋಗದಿರಲೆಂದು ಕೊಡವಿಬಿಡುತ್ತಾರೆ. ಯುಗಾದಿಯ ಬೇವುಬೆಲ್ಲವನ್ನು ಇಲ್ಲಿಗೆ ಎಳೆದು ತರುವ ಆಸೆ ನಮಗೆ ಸಹಜ, ಆದರೆ ಬೇವುಬೆಲ್ಲದಲ್ಲಿ ಎರಡೂ ಕೂಡಿಯೇ ಬಾಯಿಗೆ ಬೀಳುತ್ತವೆ. ಇಲ್ಲಿ ಸಿಹಿ ತಾಗಿ ಹಿಂದೆ ಸರಿಯುತ್ತದೆ. ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಇದಕ್ಕೊಂದು ಬಿಗಿ ಕಟ್ಟಳೆಯೂ ಇದೆ. ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು ಅಗಿಯದೆ ನುಂಗಿದರೂ ವಿಧಿ ಪೂರೈಸಿದಂತೆ; ಕಹಿಸೊಪ್ಪನ್ನು ಅಗಿಯದೆ ನುಂಗಿದರೆ ಪೂರೈಸಿದಂತಲ್ಲ. ನಾಲಿಗೆಗೆ ಕಹಿ ತಾಗಲೇಬೇಕು.

ಕನ್ನಡದಲ್ಲಿ ನುಂಗಿಕೊಳ್ಳುವುದು ಒಂದು ಸದ್ಗುಣ. ಹೆಣ್ಣುಮಕ್ಕಳಿಗಂತೂ ಮದುವೆಯ ದಿನವೇ ಹೇಳಿ ಕಳಿಸುತ್ತೇವೆ, ಎಲ್ಲ ನುಂಗಿಕೊಂಡು ಹೋಗಮ್ಮ ಎಂದು. ಆ ಅಂಗಳದ ಹಿರಿಯರು ಹೇಳಿದ್ದೂ ಅದನ್ನೇ, ವಚನದ ಬೆಂಬಲ ಕೊಟ್ಟು ಹೇಳಿದರು ಅಷ್ಟೆ. ಬೈಬಲ್ಲಿನ ಹನ್ನಳ ಕಥೆಯಲ್ಲೂ ಹೀಗೇ ಆಗುತ್ತದೆ. ಮಕ್ಕಳಿಲ್ಲದ ಅವಳು ಶೀಲೋವಿನ ಗುಡಿಯಲ್ಲಿ ಕಹಿಯಾದ ಮನಸ್ಸಿನಿಂದ ಬಿಕ್ಕುತ್ತ, ದನಿಯಿಲ್ಲದೆ ತುಟಿಯಾಡಿಸುತ್ತಿದ್ದರೆ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಗದರಿಸಿದ. ಅವನ ಪುಣ್ಯ, ಅವಳು ವಿವರಿಸಿದಾಗ ಕೇಳಿದ, ಹರಸಿ ಕಳಿಸಿದ.

ಹಾಗಾದರೆ ಬಿಡಬೇಕಾದ ಕಹಿ ಯಾವುದು? ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಅದನ್ನು ಬೇರು ಎಂದು ಕರೆಯುತ್ತದೆ: ಅದು ಚಿಗುರಿದರೆ ಒಬ್ಬರಲ್ಲ, ಅನೇಕರು ಕೆಡುತ್ತಾರೆ. ಈ ಮಾತು ಧರ್ಮೋಪದೇಶಕಾಂಡದ 29ನೇ ಅಧ್ಯಾಯದಿಂದ ಬಂದದ್ದು. ಅಲ್ಲಿ ಅದು ದೇವರಿಗೆ ಬೆನ್ನು ಮಾಡಿ, ನನಗೇನೂ ಆಗದು ಎಂದು ಒಳಗೊಳಗೇ ತನ್ನನ್ನು ಹರಸಿಕೊಳ್ಳುವವನ ಕುರಿತ ಎಚ್ಚರಿಕೆ. ಗೋಳಾಡುವವರ ಕುರಿತ ಮಾತೇ ಅದಲ್ಲ. ನೊವೊಮಿಯ ಕಹಿ ಬೀದಿಗೆ ಬಂತು, ಗಾಳಿ ಬಿಸಿಲು ಕಂಡಿತು. ಈ ಬೇರು ಮಣ್ಣಿನ ಕೆಳಗಿನದು. ನಮ್ಮ ಹಿತ್ತಲಿನ ಜೇಕಿನ ಹಾಗೆ: ಮೇಲಿನ ಹುಲ್ಲು ಕಿತ್ತರೆ ಹಿತ್ತಲು ಚೊಕ್ಕಟವಾಗಿ ಕಾಣುತ್ತದೆ, ಒಂದು ಮಳೆ ಬೀಳಲಿ, ಗೆಡ್ಡೆಗಳು ಒಳಗೊಳಗೇ ಸಾಗಿ ನಾಲ್ಕು ಅಡಿ ಆಚೆ ಮೂತಿ ತೋರಿಸುತ್ತವೆ.

ನನಗೆ ಗೊತ್ತಿರುವ ಒಂದು ಸಭೆಯಲ್ಲಿ ಎರಡು ಮನೆತನದವರು ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಮೂಲ ಕಾರಣ ಸುಗ್ಗಿಹಬ್ಬದ ಹರಾಜಿನ ಒಂದು ಹಲಸಿನಹಣ್ಣು. ಕೂಗಿದ್ದು ಒಬ್ಬರು, ಹೊತ್ತುಕೊಂಡು ಹೋದದ್ದು ಇನ್ನೊಬ್ಬರು. ಕೂಗಿದವರು ಅಂದೇ ಜಗಳ ಆಡಿದ್ದರೆ ಸಂಜೆಗೆ ಮುಗಿಯುತ್ತಿತ್ತು, ನಾಲ್ಕು ತೊಳೆ ಆಚೀಚೆ ಹಂಚಿ ನಗುತ್ತಿದ್ದರು. ಅವರು ಏನೂ ಅನ್ನಲಿಲ್ಲ. ಸಂಯಮಕ್ಕಾಗಿ ಎಲ್ಲರೂ ಹೊಗಳಿದರು. ಆ ಹಣ್ಣಿನ ಬೀಜಗಳೂ ಸಾರಾಗಿ ಕರಗಿ ಎಷ್ಟೋ ವರ್ಷವಾಯಿತು. ಈಚೆಗೆ ಕೂಗಿದವರ ಮನೆಯ ಹುಡುಗನೊಬ್ಬನನ್ನು, ಅವರ ಜೊತೆ ಯಾಕೋ ಮಾತಾಡಲ್ಲ ಎಂದು ಕೇಳಿದೆ. ಗೊತ್ತಿಲ್ಲ ಅಂಕಲ್, ನಮ್ಮನೇಲಿ ಯಾರೂ ಮಾತಾಡಲ್ಲ ಎಂದ. ಹಣ್ಣು ಹರಾಜಾದಾಗ ಅವನು ಹುಟ್ಟಿಯೇ ಇರಲಿಲ್ಲ.

ಆದರೆ ಕಹಿಯನ್ನು ಬಚ್ಚಿಡದೆ ನಾಲಿಗೆಗೆ ತಾಗಿಸುವ ರೂಢಿ ನಮ್ಮ ನೆರೆಯಲ್ಲೂ ಇದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಶುಭ ಶುಕ್ರವಾರದ ದೀರ್ಘ ಆರಾಧನೆ ಮುಗಿದ ಮೇಲೆ ಹಾಗಲದ ಕಹಿರಸ ಕುಡಿಯುವ ಪದ್ಧತಿಯಿದೆ. ಶಿಲುಬೆಗೇರಿಸುವ ಮುನ್ನ ಯೇಸುವಿನ ತುಟಿಗೆ ಕಹಿ ಬೆರೆತ ದ್ರಾಕ್ಷಾರಸ ಹಿಡಿದರು ಎಂಬುದರ ನೆನಪಿಗೆ. ಮತ್ತಾಯನ ಪ್ರಕಾರ ಆತ ರುಚಿ ನೋಡಿದ, ಕುಡಿಯಲಿಲ್ಲ.

ರೂತಳ ಪುಸ್ತಕದ ಕೊನೆಗೆ ಮಗು ಹುಟ್ಟುತ್ತದೆ. ಓಬೇದ ಎಂದು ನೆರೆಯ ಹೆಂಗಸರೇ ಹೆಸರಿಡುತ್ತಾರೆ. ದಾವೀದನ ಅಜ್ಜ ಇವನೇ. ಹೆತ್ತವಳು ರೂತ್ ಆದರೂ, ಮಗು ಹುಟ್ಟಿದ್ದು ನೊವೊಮಿಗೆ ಎಂದು ಅವರ ಮಾತು. ಬರಿಗೈ ಎಂದಿದ್ದಳಲ್ಲ, ಅದಕ್ಕೆ ಅದೇ ಹೆಂಗಸರು ಈಗ ಏಳು ಗಂಡುಮಕ್ಕಳಿಗಿಂತ ಈ ಸೊಸೆ ಮೇಲು ಎನ್ನುತ್ತಾರೆ. ನೊವೊಮಿ ಮಗುವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಆ ಅಧ್ಯಾಯದಲ್ಲಿ ಅವಳದು ಒಂದು ಮಾತೂ ಇಲ್ಲ. ಅಂದು ಬೀದಿಯಲ್ಲಿ ಆಡಿದ್ದು ತಪ್ಪಾಯಿತು ಎಂದೂ ಹೇಳುವುದಿಲ್ಲ. ಮಹ್ಲೋನ್, ಕಿಲ್ಯೋನರ ಗೋರಿಗಳು ಮೋವಾಬಿನಲ್ಲೇ ಉಳಿದಿವೆ.

ಕಳೆದ ಭಾನುವಾರ ಮತ್ತೆ ಆ ತಾಯಿಯ ಮನೆಗೆ ಹೋಗಿದ್ದೆ. ಬಾಡಿಗೆಯ ಕುರ್ಚಿಗಳು ಹೋಗಿದ್ದವು, ಚಾಪೆಯ ಮೇಲೆ ಕೂತೆ. ಬೈಬಲ್ ಚೀಲದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಆಕೆ ಅದೇ ಮಾತನ್ನು ಮತ್ತೆ ಹೇಳಿದರು, ಈ ಸಲ ಇನ್ನೂ ನಾಲ್ಕು ಸೇರಿಸಿ, ಸಾಕಷ್ಟು ಜೋರಾಗಿಯೇ. ನಾನು ಹೂಂಗುಟ್ಟುತ್ತ ಕೂತೆ. ಮಗನ ಶಾಲೆಯ ಫೋಟೊ ತಂದು ತೋರಿಸಿದರು, ಅವನ ಅಂಗಿಗಳಲ್ಲಿ ಯಾವುದನ್ನು ಯಾರಿಗೆ ಕೊಡಲಿ ಎಂದು ಕೇಳಿದರು, ಒಂದನ್ನು ಮಾತ್ರ ಕೊಡುವುದಿಲ್ಲ ಎಂದರು. ಹೊರಡುವಾಗ ಕತ್ತಲಾಗಿತ್ತು. ಅಷ್ಟು ಹೊತ್ತು ಕೂತಿದ್ದರೂ ಆಕೆಗೆ ಚಹಾ ಮಾಡುವುದು ಮರೆತೇ ಹೋಗಿತ್ತು.