ಪರವಾಲೇದು ಸಾರ್

ಗ್ಲೋ ಎಂಜಿನ್ ಕೆಡುವುದಕ್ಕೆ ಸ್ವಲ್ಪ ಮುಂಚೆ ತುಂಬಾ ಚೆನ್ನಾಗಿ ಓಡುತ್ತದೆ. ಸದ್ದು ಸ್ವಚ್ಛವಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ, ಟ್ಯಾಕೋಮೀಟರಿನ ಅಂಕಿ ಏರುತ್ತದೆ. ಪಕ್ಕದಲ್ಲಿ ನಿಂತು ನೋಡುವವರು ‘ಈಗ ಸರಿಯಾಯ್ತು ನೋಡಿ’ ಅನ್ನುತ್ತಾರೆ. ಸರಿಯಾಗಿರುವುದಿಲ್ಲ.

ಮಾದರಿ ವಿಮಾನಗಳಿಗೆ ಹಾಕುವ ಈ ಎಂಜಿನ್ನನ್ನು ನೋಡದವರಿಗಾಗಿ ಸ್ವಲ್ಪ ವಿವರ. ಅಂಗೈಯಲ್ಲಿ ಕೂರುವ ಟೂ-ಸ್ಟ್ರೋಕ್ ಯಂತ್ರ. ನನ್ನದು 40 ಸೈಜಿನದು, ಅಂದರೆ 0.40 ಘನ ಇಂಚು, ಸುಮಾರು ಆರೂವರೆ ಸಿಸಿ. ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಅಮೆರಿಕದ ರೇ ಆರ್ಡನ್ 1947ರಲ್ಲಿ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಇದೆ, ಅದರೊಳಗೆ ಪ್ಲಾಟಿನಂ ಮಿಶ್ರಲೋಹದ ಒಂದು ಪುಟ್ಟ ಸುರುಳಿ. ಶುರುಮಾಡುವಾಗ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸಬೇಕು. ಓಡತೊಡಗಿದ ಮೇಲೆ ಬ್ಯಾಟರಿ ತೆಗೆದರೂ ಪ್ರತಿ ಸುತ್ತಿನ ಉರಿ ಮತ್ತು ಪ್ಲಾಟಿನಂ ಜೊತೆ ಮೆಥನಾಲ್ ಆವಿ ನಡೆಸುವ ರಾಸಾಯನಿಕ ಕ್ರಿಯೆ ಅದನ್ನು ಕೆಂಪಗೇ ಇಡುತ್ತವೆ. ಇಂಧನವೆಂದರೆ ನೂರಕ್ಕೆ ಎಂಬತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲು ಹರಳೆಣ್ಣೆ. ದುಡ್ಡಿದ್ದವರು ಸ್ವಲ್ಪ ನೈಟ್ರೊಮೀಥೇನ್ ಸೇರಿಸುತ್ತಾರೆ. ಹೌದು, ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಭಾನುವಾರ ಮನೆಗೆ ಮರಳಿದರೆ ಹೆಂಡತಿ ಬಾಗಿಲಲ್ಲೇ ‘ಎಣ್ಣೆಸ್ನಾನ ಆಯ್ತಾ?’ ಅನ್ನುತ್ತಾಳೆ.

ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಎಂದು ತೀರ್ಮಾನಿಸುವುದು ನೀಡಲ್ ಎಂಬ ಸಣ್ಣ ತಿರುಪು. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಅದು ಲೀನ್. ಹೊರಕ್ಕೆ ತಿರುಗಿಸಿದರೆ ರಿಚ್. ಲೀನ್ ಮಾಡುತ್ತಾ ಹೋದಂತೆ ವೇಗ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ಕುಸಿಯುತ್ತದೆ. ತೊಂದರೆ ಏನೆಂದರೆ ಈ ಎಂಜಿನ್‌ಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ. ಎಣ್ಣೆ ಇಂಧನದ ಜೊತೆಗೇ ಬರಬೇಕು. ತಂಪೂ ಹಾಗೆಯೇ. ಮೆಥನಾಲ್ ಆವಿಯಾಗುವಾಗ ಬಹಳ ಶಾಖ ಹೀರುತ್ತದೆ, ಉರಿಯದೆ ಹೊರಹೋಗುವ ಹೆಚ್ಚುವರಿ ಇಂಧನ ಆ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಎಂಜಿನ್ ಅತಿ ಹೆಚ್ಚು ದುಡಿದು ಅತಿ ಹೆಚ್ಚು ಕಾಯುವ ಹೊತ್ತಿಗೇ ಅದಕ್ಕೆ ಸಿಗುವ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಹಿಂದಿನಿಂದ ಬರುವ ಬಿಳಿ ಹೊಗೆ, ರೆಕ್ಕೆಯ ಮೇಲೆ ಕೂರುವ ಜಿಡ್ಡು, ಇವೆಲ್ಲ ನೋಡುವವರಿಗೆ ದಂಡ. ಎಂಜಿನ್ ಉಳಿದಿರುವುದೇ ಆ ದಂಡದಿಂದ.

ಇನ್ನೊಂದು ವಿಷಯ, ನೆಲದ ಮೇಲೆ ಮಾಡಿದ ಟ್ಯೂನಿಂಗ್ ಆಕಾಶದಲ್ಲಿ ಹಾಗೇ ಇರುವುದಿಲ್ಲ. ಹಾರುವಾಗ ಪ್ರೊಪೆಲ್ಲರ್ ಮೇಲಿನ ಹೊರೆ ಇಳಿದು ವೇಗ ಏರುತ್ತದೆ. ವಿಮಾನ ಮೂತಿ ಎತ್ತಿದಾಗ ಇಂಧನ ಮೇಲಕ್ಕೆ ಹತ್ತಿ ಬರಬೇಕು. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಒತ್ತಡ ಕುಗ್ಗುತ್ತದೆ. ಮೂರೂ ಲೀನ್ ಕಡೆಗೇ ಎಳೆಯುತ್ತವೆ. ಅದಕ್ಕೇ ತುದಿ ಮುಟ್ಟಿಸಿ, ಅಲ್ಲಿಂದ ಮುನ್ನೂರು ನಾನೂರು ಆರ್‌ಪಿಎಂ ಬಿಟ್ಟುಕೊಟ್ಟು, ನೀಡಲ್ಲನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು.

ವಿಶಾಖಪಟ್ಟಣದಲ್ಲಿ ನನಗೆ ಇದನ್ನೆಲ್ಲ ಕಲಿಸಿದವರು ನೌಕಾಪಡೆಯಲ್ಲಿ ವಿಮಾನಗಳ ತಂತ್ರಜ್ಞರಾಗಿದ್ದು ನಿವೃತ್ತರಾದ ಒಬ್ಬರು. ನಾವೆಲ್ಲ ಅವರನ್ನು ಮಾಸ್ಟಾರು ಅನ್ನುತ್ತೇವೆ. ಇಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್ಎಸ್ ಡೇಗಾ ಇರುವುದರಿಂದ ಊರೊಳಗೆ ರೇಡಿಯೊ ವಿಮಾನದ ಆಸೆ ಇಟ್ಟುಕೊಳ್ಳುವಂತಿಲ್ಲ. ಮಾಸ್ಟಾರು ಹಾರಿಸುವುದು ಎನ್‌ಸಿಸಿ ಏರ್ ವಿಂಗ್ ಹುಡುಗರು ಹಾರಿಸುವಂಥ ಕಂಟ್ರೋಲ್ ಲೈನ್: ಎರಡು ತೆಳು ಉಕ್ಕಿನ ತಂತಿ, ನಡುವೆ ನಿಂತವನ ಸುತ್ತ ವಿಮಾನ ಗಿರಗಿರ. ಆ ಶಾಲೆಯವರ ಟ್ಯೂನಿಂಗ್ ಇನ್ನೂ ಉದಾರ. ಮಟ್ಟಸವಾಗಿ ಹಾರುವಾಗ ಎಂಜಿನ್ ಎಷ್ಟು ರಿಚ್ ಎಂದರೆ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ, ಫೋರ್-ಸ್ಟ್ರೋಕ್ ಹಾಗೆ ಗುಡುಗುಡು ಅನ್ನುತ್ತದೆ. ಮೂತಿ ಎತ್ತಿ ಲೂಪ್ ಹೊಡೆದಾಗ ಮಾತ್ರ ಮಿಶ್ರಣ ತಾನಾಗಿ ಲೀನ್ ಆಗಿ ಕಿರ್ರೆಂದು ಟೂ-ಸ್ಟ್ರೋಕ್‌ಗೆ ಏರುತ್ತದೆ, ಇಳಿಯುವಾಗ ಮತ್ತೆ ಗುಡುಗುಡು. 1940ರ ದಶಕದ ಕೊನೆಯಲ್ಲಿ ಬಂದ ಡ್ಯೂಕ್ ಫಾಕ್ಸ್ ಅವರ ಫಾಕ್ಸ್ 35 ಎಂಜಿನ್ ಹೆಸರಾದದ್ದು ಈ ಗುಣಕ್ಕೇ. ಬೇಕಾದಾಗ ಇರಲಿ ಎಂದು ಬೇಡದಾಗ ಬಿಟ್ಟುಕೊಡುವ ಪದ್ಧತಿ. ನಾನು ಟ್ಯಾಕೋಮೀಟರ್ ನೋಡುತ್ತಾ ನಿಂತರೆ ಮಾಸ್ಟಾರು ಗದರುತ್ತಿದ್ದರು: ‘ನಂಬರ್ ಕಾದು ಸಾರ್, ಸೌಂಡ್ ವಿನಂಡಿ.’ ಅಂಕಿಯಲ್ಲ, ಸದ್ದು ಕೇಳಿ.

ಆಮೇಲೆ ಪ್ರಾಜೆಕ್ಟ್ ನನ್ನನ್ನು ವಿಜಯವಾಡಕ್ಕೆ ಕಳಿಸಿತು. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ 350 ಕಿಲೋಮೀಟರ್, ಹದಿನೈದು ದಿನಕ್ಕೊಮ್ಮೆ. ರೈಲಿನಲ್ಲಿ ಮೆಥನಾಲ್ ಒಯ್ಯುವಂತಿಲ್ಲ, ಎಂಜಿನ್ ಮಾತ್ರ ಕಾಲುಚೀಲದಲ್ಲಿ ಸುತ್ತಿ ಬ್ಯಾಗಿನಲ್ಲಿ. ಅಲ್ಲಿನ ಟೀಮಿನಲ್ಲಿ ಇಪ್ಪತ್ತಾರರ ಹುಡುಗನೊಬ್ಬನಿದ್ದ, ಮಾಡ್ಯೂಲ್ ಲೀಡ್. ಎಂಜಿನ್ ಕಥೆ ಕೇಳಿ ಅವನಿಗೆ ಖುಷಿಯಾಯಿತು. ನೂಜಿವೀಡು ಹತ್ತಿರ ಅವರ ಮಾವಿನ ತೋಟವಿದೆ, ಎಷ್ಟು ಸದ್ದು ಮಾಡಿದರೂ ಕೇಳುವವರಿಲ್ಲ, ಬನ್ನಿ ಸಾರ್ ಅಂದ. ಮೇ ತಿಂಗಳ ಒಂದು ಭಾನುವಾರ ಹೋದೆವು. ಅವನ ತಾಯಿ ಮುದ್ದಪಪ್ಪು, ಆವಕಾಯಿ ಬಡಿಸಿ ‘ಇಂಕೊಂಚೆಂ ವೇಸ್ಕೋಂಡಿ’ ಎಂದು ಮೇಲೆ ಮೇಲೆ ಹಾಕಿದರು.

ವಿಜಯವಾಡದ ಮೇ ತಿಂಗಳನ್ನು ವರ್ಣಿಸುವ ಅಗತ್ಯವಿಲ್ಲ. ವಿಶಾಖದ ಕಡಲಗಾಳಿಯಲ್ಲಿ 11,800 ಕೊಡುತ್ತಿದ್ದ ಎಂಜಿನ್ ಅಲ್ಲಿ 11,300 ದಾಟಲಿಲ್ಲ. ಕಾರಣ ಸರಳ. ಕಾದ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ನೀಡಲ್ ಇದ್ದಲ್ಲೇ ಇದ್ದರೂ ಮಿಶ್ರಣ ರಿಚ್ ಆಗುತ್ತದೆ. ಒಂದೆರಡು ಕ್ಲಿಕ್ ಒಳಕ್ಕೆ ತಿರುಗಿಸುವುದು ನ್ಯಾಯವೇ. ಆದರೆ ತೆಳು ಗಾಳಿ ಕೊಡುವಷ್ಟೇ ಶಕ್ತಿಯನ್ನು ಕೊಡುತ್ತದೆ, ಅದರ ಮೇಲೆ ತಂಪೂ ಇಲ್ಲ. ನನಗೆ 11,800 ಬೇಕಿತ್ತು. ತಿರುಗಿಸಿದೆ, ಇನ್ನೂ ತಿರುಗಿಸಿದೆ. ಸ್ಟ್ಯಾಂಡನ್ನು ಹಿಂದಿನಿಂದ ಹಿಡಿದಿದ್ದ ಹುಡುಗ ‘ಸೌಂಡ್ ಮಾರಿಂದಿ ಸಾರ್’ ಅಂದ. ಸದ್ದು ಬದಲಾಯಿತು. ಜೀವಮಾನದಲ್ಲಿ ಮೊದಲ ಸಲ ಗ್ಲೋ ಎಂಜಿನ್ ನೋಡಿದವನಿಗೆ ಅದು ಕೇಳಿಸಿತ್ತು. ನಾನು ಟ್ಯಾಕೋಮೀಟರಿನಿಂದ ಕಣ್ಣು ತೆಗೆಯದೆ ‘ಪರವಾಲೇದು’ ಅಂದೆ. ಒಂದೆರಡು ನಿಮಿಷ 11,800 ಬಂತು. ಆಮೇಲೆ ಸದ್ದು ಜಗ್ಗಿತು, ಎಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು, ಪ್ಲಗ್ಗಿನ ಸುರುಳಿ ಬೂದಿಯ ಬಣ್ಣ.

ವಿಜಯವಾಡದ ಟೀಮಿಗೆ ನಾನು ಹಾಕಿಕೊಟ್ಟ ಪ್ಲಾನ್ ಕೂಡ ವಿಶಾಖದ ಅಂಕಿಯ ಮೇಲೇ ನಿಂತಿತ್ತು. ನಾಲ್ಕು ವರ್ಷದಿಂದ ಒಟ್ಟಿಗಿದ್ದ ಟೀಮ್ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುತ್ತಿದ್ದಷ್ಟನ್ನು ನಾಲ್ಕು ತಿಂಗಳ ಟೀಮೂ ಮುಗಿಸಬೇಕು. ಗೋ-ಲೈವ್ ಆಗಸ್ಟ್‌ನಲ್ಲಿ. ರಾತ್ರಿ ಹತ್ತಕ್ಕೆ ಕಾಲ್. ಹೇಗಿದೆಯಪ್ಪಾ ಎಂದು ನಾನು ಕೇಳುವುದು, ‘ಪರವಾಲೇದು ಸಾರ್’ ಎಂದು ಹುಡುಗ ಹೇಳುವುದು. ನಮ್ಮ ಪರವಾಗಿಲ್ಲ ಇದೆಯಲ್ಲ, ಅದೇ ಪದ. ಚೆನ್ನಾಗಿದೆ ಅನ್ನುವುದಕ್ಕೂ ಅದೇ, ಚೆನ್ನಾಗಿಲ್ಲ ಆದರೆ ಬಿಡಿ ಅನ್ನುವುದಕ್ಕೂ ಅದೇ. ಜುಲೈ ಹೊತ್ತಿಗೆ ಅವನ ಮೇಲ್‌ಗಳು ಚಿಕ್ಕದಾದವು, ತಪ್ಪಿಲ್ಲದಂತಾದವು. ರಾತ್ರಿ ಎರಡಕ್ಕೆ ಕೇಳಿದ್ದಕ್ಕೆ ಎರಡೂ ಹತ್ತಕ್ಕೆ ಉತ್ತರ. ಮೊದಲಿದ್ದ ತಮಾಷೆ, ಹರಟೆ, ನಡುವೆ ಟೀಗೆ ಎದ್ದು ಹೋಗುವುದು ಎಲ್ಲ ನಿಂತಿತು. ನಾನು ಮೇಲಿನವರಿಗೆಲ್ಲ ಕಾಪಿ ಹಾಕಿ ಅವನನ್ನು ಹೊಗಳಿ ಬರೆದೆ.

ಒಂದು ಗುರುವಾರ ಅವನು ಬರಲಿಲ್ಲ, ಫೋನ್ ಸ್ವಿಚ್ ಆಫ್. ಶನಿವಾರ ಅವನ ನಂಬರಿನಿಂದಲೇ ಕರೆ ಬಂತು, ಮಾತಾಡಿದವರು ತಾಯಿ. ‘ಮಾ ಅಬ್ಬಾಯಿಕಿ ಇಂಕ ಫೋನ್ ಚೆಯ್ಯಕಂಡಿ ಸಾರ್.’ ನಮ್ಮ ಹುಡುಗನಿಗೆ ಇನ್ನು ಫೋನ್ ಮಾಡಬೇಡಿ. ಸಿಟ್ಟಿರಲಿಲ್ಲ. ಇನ್ನೂ ಸ್ವಲ್ಪ ಹಾಕಿಕೊಳ್ಳಿ ಅಂದಿದ್ದ ಅದೇ ದನಿ.

ಮೂರು ವಾರದಿಂದ ಅವನು ನಿದ್ದೆ ಮಾಡಿರಲಿಲ್ಲ, ಕೈ ನಡುಗುತ್ತಿತ್ತು, ಡಾಕ್ಟರು ಕೆಲಸ ಬಿಡಿಸಿ ಎಂದಿದ್ದರು ಎಂದು ಆಮೇಲೆ ತಿಳಿಯಿತು. ಆಫೀಸಿನಲ್ಲಿ ವಿಚಾರಣೆಯಂಥದ್ದೊಂದು ನಡೆಯಿತು. ನನ್ನ ಕಡತ ಶುದ್ಧವಾಗಿತ್ತು. ಪ್ರತಿ ವಾರದ ಸ್ಟೇಟಸ್‌ನಲ್ಲೂ ಅವನೇ ಹಸಿರು ಹಾಕಿದ್ದ. ‘ಹೆಚ್ಚಿಗೆ ಜನ ಬೇಕಾ?’ ಎಂದು ನಾನು ಬರಹದಲ್ಲೇ ಕೇಳಿದ್ದೆ, ‘ಬೇಡ ಸಾರ್’ ಎಂದು ಅವನು ಬರೆದಿದ್ದ. ನಾನು ಸುಳ್ಳು ಹೇಳಬೇಕಾಗಿ ಬರಲಿಲ್ಲ. ನನ್ನನ್ನು ಕಾಡುವುದು ಇದೇ: ಪೂರ್ತಿ ನಿಜವಾದ ಸಾಕ್ಷ್ಯದಿಂದ ಪಾರಾದೆ.

ಮನುಷ್ಯ ಎಂಜಿನ್ ಅಲ್ಲ ಎಂದು ನೀವು ಹೇಳಬಹುದು. ನಾನೂ ಅದನ್ನೇ ಹೇಳಿಕೊಂಡು ನೋಡಿದೆ. ಎಂಜಿನ್‌ಗೆ ಬಾಯಿಲ್ಲ, ಅವನಿಗಿತ್ತು. ಬೇಡ ಅನ್ನಬಹುದಿತ್ತು. ಆದರೆ ಯೋಚಿಸಿದಂತೆಲ್ಲ ಈ ವ್ಯತ್ಯಾಸ ನನ್ನ ಪರವಾಗಿ ನಿಲ್ಲುತ್ತಿಲ್ಲ, ವಿರುದ್ಧವಾಗಿ ನಿಲ್ಲುತ್ತಿದೆ. ಎಂಜಿನ್‌ಗೆ ಬಾಯಿಲ್ಲ ಎಂಬುದಕ್ಕೇ ಅದರ ಹೊಣೆ ಪೂರ್ತಿ ನನ್ನ ಮೇಲಿದೆ. ಸುಟ್ಟರೆ ಸುಟ್ಟವನು ನಾನೇ, ಇನ್ನೊಬ್ಬರನ್ನು ತೋರಿಸುವಂತಿಲ್ಲ. ಅದಕ್ಕೇ ಕಿವಿ ಕೊಡುತ್ತೇನೆ, ಹೊಗೆ ನೋಡುತ್ತೇನೆ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ. ಮನುಷ್ಯನಿಗೆ ಬಾಯಿದೆಯೆಂದ ಕೂಡಲೇ ಹೊಣೆಯಲ್ಲಿ ಅರ್ಧ ಅವನ ಕಡೆ ಜಾರುತ್ತದೆ. ಕೇಳಿದೆ, ಹೇಳಿದ, ಮುಗಿಯಿತು. ಅವನ ಮಾತು ನಾನು ಕೇಳಿಸಿಕೊಳ್ಳುವುದನ್ನು ನಿಲ್ಲಿಸುವುದಕ್ಕೆ ಸಿಕ್ಕ ರಸೀದಿ. ಅಲ್ಲದೆ ಆ ಮಾತು ಎಂಥಾ ಜಾಗದಿಂದ ಬರುತ್ತಿತ್ತು? ಅವನ ಅಪ್ರೈಸಲ್ ಬರೆಯುವವನು ನಾನು. ಎಂಜಿನ್ ನನ್ನನ್ನು ಮೆಚ್ಚಿಸುವುದಕ್ಕೆ ಸದ್ದು ಬದಲಿಸುವುದಿಲ್ಲ.

ಯಂತ್ರ, ಮನಸ್ಸು ಎಂದು ಬರೆಯುವವರೆಲ್ಲ ರಾಬರ್ಟ್ ಪಿರ್ಸಿಗ್‌ನ 1974ರ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಎತ್ತಿಯೇ ಎತ್ತುತ್ತಾರೆ, ನಾನೂ ಎತ್ತುತ್ತಿದ್ದೇನೆ. ಎಂಟೆಕ್ ದಿನಗಳಲ್ಲಿ ಓದಿದಾಗ ಅದರಲ್ಲಿ ನನಗೆ ಕಂಡದ್ದು ಬೈಕ್‌ನ ಒಂದೊಂದು ಸದ್ದನ್ನೂ ಗಮನಿಸುವ ಸವಾರ. ಈಚೆಗೆ ಮತ್ತೆ ಓದಿದಾಗ ಕಂಡದ್ದು ಹಿಂದಿನ ಸೀಟಿನ ಹನ್ನೊಂದು ವರ್ಷದ ಮಗ, ಕ್ರಿಸ್. ಹೊಟ್ಟೆನೋವು ಅನ್ನುತ್ತಾನೆ, ಅಳುತ್ತಾನೆ. ಎಂಜಿನ್ನಿನ ಮಾತನ್ನು ಅಷ್ಟು ಚೆನ್ನಾಗಿ ಬಲ್ಲ ತಂದೆಗೆ ಮಗನನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಹಾಗಾದರೆ ಜನರ ಮಾತನ್ನು ನಂಬಬಾರದೆ? ಇಲ್ಲಿ ನಾನು ಸಿಕ್ಕಿಬಿದ್ದಿದ್ದೇನೆ. ಆ ಘಟನೆಯಾದ ಮೇಲೆ ವಿಶಾಖದ ಟೀಮಿನ ಒಬ್ಬಾಕೆ ದಣಿದಂತೆ ಕಂಡರೆಂದು ಅವರನ್ನು ಕೇಳದೆ ಕೆಲಸ ಹಗುರ ಮಾಡಿಬಿಟ್ಟೆ. ಮರುದಿನ ಬಂದು ‘ನಾನು ಮಾಡ್ತೀನಿ ಅಂದಿದ್ದನ್ನ ನೀವು ಯಾಕೆ ನಂಬಲಿಲ್ಲ?’ ಎಂದು ಕೇಳಿದರು. ಮನೆಯಲ್ಲಿ ಮಗುವಿಗೆ ಹುಷಾರಿರಲಿಲ್ಲ, ಅದಕ್ಕೆ ಮುಖ ಬಾಡಿತ್ತು, ಅಷ್ಟೇ. ಅವರು ಕಷ್ಟಪಟ್ಟು ಸಂಪಾದಿಸಿದ್ದ ಕೆಲಸವನ್ನು ನನ್ನ ಅನುಕಂಪ ಕಿತ್ತುಕೊಂಡಿತ್ತು. ಕ್ಷಮೆ ಕೇಳಿ ವಾಪಸ್ ಕೊಟ್ಟೆ. ಬಾಯಿರುವವರನ್ನು ಮೂಕರಂತೆ ನಡೆಸಿಕೊಳ್ಳುವುದೂ ಅವಮಾನವೇ.

ಎಂಜಿನ್‌ಗೆ ಇದಕ್ಕೊಂದು ಪರೀಕ್ಷೆ ಇದೆ. ಓಡುತ್ತಿರುವಾಗ ಇಂಧನದ ಕೊಳವೆಯನ್ನು ಒಂದು ಕ್ಷಣ ಚಿವುಟಿ ಬಿಡಬೇಕು. ವೇಗ ಮೊದಲು ಏರಿ ಆಮೇಲೆ ಇಳಿದರೆ ಒಳಗೆ ಇನ್ನೂ ಕೂಡಿಟ್ಟದ್ದಿದೆ ಎಂದರ್ಥ. ಚಿವುಟಿದ ಕೂಡಲೇ ಕುಸಿದರೆ ಅದು ಆಗಲೇ ಅಂಚಿನಲ್ಲಿದೆ. ಇದನ್ನು ಮನುಷ್ಯರ ಮೇಲೆ ಮಾಡುವ ಮ್ಯಾನೇಜರುಗಳನ್ನು ನೋಡಿದ್ದೇನೆ. ಶುಕ್ರವಾರ ಸಂಜೆ ಬೇಕೆಂದೇ ಒಂದು ಕೆಲಸ ಎಸೆದು ಯಾರು ಹೇಗೆ ಅಲ್ಲಾಡುತ್ತಾರೆಂದು ನೋಡುವವರು. ಅದು ನನಗೆ ಬೇಡ.

ನನಗೆ ತೋಚಿದ್ದು ಇಷ್ಟು. ಮಾಸ್ಟಾರು ಎಂಜಿನ್ನಿನ ತುದಿ ಎಲ್ಲಿದೆಯೆಂದು ಹಾರಾಟದ ನಡುವೆ ಕಂಡುಕೊಳ್ಳಲು ಹೋಗುವುದಿಲ್ಲ. ಹಾರಿದ ಮೇಲೆ ನೀಡಲ್ ಕೈಗೆ ಸಿಗುವುದಿಲ್ಲ ಎಂದು ಗೊತ್ತಿದ್ದು ನೆಲದ ಮೇಲೇ ಬಿಟ್ಟುಕೊಡುತ್ತಾರೆ. ಆ ಹುಡುಗನ ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಹೋದದ್ದು ನನ್ನ ತಪ್ಪು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಅನ್ನಿಸುವುದು, ತಪ್ಪು ಅದಕ್ಕಿಂತ ಮೊದಲೇ ಆಗಿತ್ತು. ಅವನು ‘ಆಗಲ್ಲ ಸಾರ್’ ಅಂದರೆ ಮಾತ್ರ ಅವನು ಉಳಿಯುವಂಥ ಪ್ಲಾನ್ ಹಾಕಿದ್ದು. ಈಗ ನನ್ನ ಪ್ಲಾನ್‌ಗಳಲ್ಲಿ ಐದರಲ್ಲೊಂದು ದಿನ ಖಾಲಿ ಇರುತ್ತದೆ. ರಿವ್ಯೂನಲ್ಲಿ ಅದನ್ನು ಯಾರಾದರೂ ಬೆರಳಿಟ್ಟು ತೋರಿಸುತ್ತಾರೆ, ಇದು ಯಾಕೆ ದಂಡ ಎಂದು. ಒಮ್ಮೊಮ್ಮೆ ಉಳಿಸಿಕೊಳ್ಳುತ್ತೇನೆ. ಒಮ್ಮೊಮ್ಮೆ ಬಿಟ್ಟುಕೊಡುತ್ತೇನೆ, ನನಗೂ ಮೇಲಿನವರಿದ್ದಾರೆ, ಹೇಗಿದೆ ಅಂದರೆ ನಾನೂ ಪರವಾಗಿಲ್ಲ ಅನ್ನುವವನೇ.

ಎಂಜಿನ್‌ಗೆ ಹೊಸ ಪಿಸ್ಟನ್, ಲೈನರ್ ಹಾಕಿಸಿದ್ದೇನೆ. ಹಳೆಯ ಪಿಸ್ಟನ್ ಆಫೀಸಿನ ಮೇಜಿನ ಡ್ರಾಯರಿನಲ್ಲಿದೆ. ಹುಡುಗನ ನಂಬರೂ ಫೋನಿನಲ್ಲಿದೆ. ತಾಯಿ ಬೇಡವೆಂದದ್ದು ಕೆಲಸದ ಫೋನನ್ನು, ಎಲ್ಲ ಫೋನನ್ನೂ ಅಲ್ಲ ಎಂದು ಕೆಲವು ಸಲ ಸಮಾಧಾನ ಮಾಡಿಕೊಂಡು ಮೆಸೇಜ್ ಬರೆಯುತ್ತೇನೆ. ಹೇಗಿದ್ದೀಯ ಎಂದು ಟೈಪ್ ಮಾಡಿ ಅಳಿಸುತ್ತೇನೆ. ಅವನು ಏನು ಉತ್ತರ ಬರೆಯುತ್ತಾನೆಂದು ನನಗೆ ಗೊತ್ತು.