ಮುಟ್ಟಿದ ಕಾಯಿ

ಚದುರಂಗವನ್ನು ಬುದ್ಧಿಯ ಆಟವೆಂದು ಹೊಗಳುವುದು ವಾಡಿಕೆ. ಅದು ಶೀಲದ ಪರೀಕ್ಷೆಯೂ ಹೌದು. 1991ರಲ್ಲಿ ಜರ್ಮನಿಯಲ್ಲಿ ನಡೆದ ಮೊದಲ ವಿಶ್ವ ಹಿರಿಯರ ಪಂದ್ಯಾವಳಿಯನ್ನು ವಾಸಿಲಿ ಸ್ಮಿಸ್ಲೊವ್ ಗೆದ್ದಾಗ ಅವರಿಗೆ 70 ವರ್ಷ. ಗೆಲ್ಲುವ ಆಸೆಗೆ ವಯಸ್ಸಾಗುವುದಿಲ್ಲ.

ಮಾರಿಕುಪ್ಪಂನ ಇಬ್ಬರು ನಿವೃತ್ತ ಗಣಿ ಕಾರ್ಮಿಕರು ಹಿರಿಯರ ಪಂದ್ಯವೊಂದರಲ್ಲಿ ಎದುರುಬದುರಾಗಿ ಕುಳಿತಿರುವರೆಂದು ಭಾವಿಸೋಣ. ಒಬ್ಬರು ನಡೆಸಬೇಕೆಂದೇ ಕುದುರೆಯನ್ನು ಮುಟ್ಟುತ್ತಾರೆ. ಮುಟ್ಟಿದೊಡನೆ, ಅದನ್ನು ಕದಲಿಸಿದರೆ ಮಂತ್ರಿಯೇ ಹೋಗುವುದೆಂದು ಹೊಳೆಯುತ್ತದೆ. ಎದುರಾಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ, ತೀರ್ಪುಗಾರರು ದೂರದಲ್ಲಿದ್ದಾರೆ. ಕೈ ಮೆಲ್ಲನೆ ಸರಿದು ಬೇರೊಂದು ಕಾಯಿಯನ್ನು ನಡೆಸುತ್ತದೆ.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ನಿಯಮ. ಆದರೆ ಉದ್ದೇಶಪೂರ್ವಕವಾಗಿ ಮುಟ್ಟಿದ್ದರೆ ಮಾತ್ರ; ಅಕಸ್ಮಾತ್ ತಗುಲಿದರೆ ದೋಷವಿಲ್ಲ. ನಡುಗುವ ಮುದಿಗೈಗೆ ಎಂಥ ಅನುಕೂಲದ ನೆಪ! ಉದ್ದೇಶವಿತ್ತೇ ಇಲ್ಲವೇ ಎಂಬುದನ್ನು ಬಲ್ಲ ಸಾಕ್ಷಿ ಒಬ್ಬನೇ, ಅವನ ಅಂತರಂಗ. ಇನ್ನೊಂದು ನಿಯಮವೂ ಉಂಟು: ಎದುರಾಳಿ ತನ್ನ ನಡೆಗಾಗಿ ಕಾಯಿಯೊಂದನ್ನು ಮುಟ್ಟಿದನೆಂದರೆ, ಹಿಂದಿನ ತಪ್ಪಿನ ಬಗ್ಗೆ ಆಕ್ಷೇಪಿಸುವ ಹಕ್ಕು ಕಳೆದುಹೋಗುತ್ತದೆ.

ಹಕ್ಕು ಕಳೆಯಿತು, ನಿಜ, ತಪ್ಪು ಕಳೆಯಿತೇ? ಎದುರಾಳಿಯು ಕೊಡದಿದ್ದ ಎರಡನೆಯ ಅವಕಾಶವನ್ನು ಆತ ತೆಗೆದುಕೊಂಡನು. ಅಚೌರ್ಯ ವ್ರತವನ್ನು ಬಲ್ಲವರಿಗೆ ಇದರ ಹೆಸರನ್ನು ಹೇಳಬೇಕಾಗಿಲ್ಲ. "ಬರಿಯ ಆಟವಲ್ಲವೇ" ಎನ್ನಬಹುದು. ಕಳೆದುಕೊಳ್ಳುವುದು ಇಷ್ಟು ಅಲ್ಪವಾಗಿರುವಾಗಲೂ ನಿಜ ನುಡಿಯಲಾರದ ನಾಲಿಗೆ, ಆಸ್ತಿಯ ಪಾಲಿನ ದಿನ ನುಡಿದೀತೇ?

ಆತ ನಡೆ ಮುಗಿಸುವುದಕ್ಕೂ ಎದುರಾಳಿಯ ಕೈ ಹಲಗೆಗೆ ಬರುವುದಕ್ಕೂ ನಡುವೆ ಕೆಲವು ಕ್ಷಣಗಳಿರುತ್ತವೆ. "ನಾನು ಕುದುರೆಯನ್ನು ಮುಟ್ಟಿದ್ದೆ" ಎಂದು ಆಗ ನುಡಿದರೆ ಆಟ ಸೋತೀತು, ತಪ್ಪು ತಿದ್ದೀತು. ಅನಂತರದ ಪಶ್ಚಾತ್ತಾಪವೂ ಬೇಕಾದುದೇ. ಆದರೆ ಅದು ಆ ಆಟವನ್ನು ಸರಿಪಡಿಸಲಾರದು. ಸಂಸ್ಥೆಗಳ ಲೆಕ್ಕಪತ್ರದ ಮಾತೂ ಇದೇ. ಆಕ್ಷೇಪಣೆಯ ಅವಧಿ ಮುಗಿದ ಮಾತ್ರಕ್ಕೆ ಲೆಕ್ಕ ಶುದ್ಧವಾಗುವುದಿಲ್ಲ.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ದುಡಿದವರುಂಟು. ಕತ್ತಲಲ್ಲಿ ಆಸರೆಯ ಮರ ನಿಲ್ಲಿಸಿದವನ ಕೆಲಸವನ್ನು ಯಾರೂ ಕಾಣದಿರಬಹುದು. ಅದರಡಿ ನಡೆಯುವವರ ಪ್ರಾಣ ಅದನ್ನೇ ನಂಬಿತ್ತು. ಕಾಣುವವರಿಲ್ಲದೆಡೆ ಸರಿಯಾಗಿ ನಡೆಯುವುದನ್ನು ಜೀವನವಿಡೀ ಕಲಿತ ಕೈಗಳು, ಬೆಳಕಿನಲ್ಲಿ ಒಂದು ಮರದ ಕುದುರೆಗಾಗಿ ಅದನ್ನು ಮರೆಯಬಾರದು.