ಜಾಲಿಗಿಡದ ಕೆಳಗೆ ಸಿಕ್ಕ ರೊಟ್ಟಿ

ಪ್ರಾರ್ಥನೆಗೆಂದು ಮೊಣಕಾಲೂರಿದವನು ಅಲ್ಲಿಯೇ ನಿದ್ದೆಹೋದರೆ ಅದು ತಪ್ಪೇ? ಪ್ರಶ್ನೆ ಚಿಕ್ಕದು, ಓದುಗರಲ್ಲಿ ಕೆಲವರಿಗೆ ನಗುವೂ ಬಂದೀತು. ಆದರೆ ಒಂದು ಕಾಲದಲ್ಲಿ ಇದೇ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು. ದಣಿದವನಲ್ಲಿ ವಿಶ್ವಾಸ ಕಡಿಮೆಯಾಗಿದೆಯೆಂದು ಅರ್ಥವೇ? ವಿಶ್ವಾಸವಿದ್ದವನಿಗೆ ಬಲ ತಾನಾಗಿಯೇ ಬರಬೇಕಲ್ಲವೇ? ಬಾರದಿದ್ದರೆ ತಪ್ಪು ಯಾರದು?

ಈ ಪ್ರಶ್ನೆಯ ಬೇರು ನಮ್ಮ ಮನೆಯಲ್ಲಿಯೇ ಇತ್ತು. ನಮ್ಮದು ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, ಕ್ರೈಸ್ತರಾದ ಜನ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡು ನಿಲ್ಲುವುದನ್ನು ಕಂಡು ನೇಯ್ಗೆಯ ಕೆಲಸವನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ನಮ್ಮಜ್ಜ ಹಂಚಿನ ಕೆಲಸದವರು. ಕೆಲಸಕ್ಕೆ ಮುಂಚೆ ಪ್ರಾರ್ಥನೆ, ಕೆಲಸ ಮುಗಿದ ಮೇಲೆ ಪ್ರಾರ್ಥನೆ, ನಡುವೆ ಕೆಲಸವೇ ಪ್ರಾರ್ಥನೆ. "ಸುಸ್ತು" ಎಂಬ ಮಾತು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಸ್ವಲ್ಪವೇ ಮೇಲಿನದು. ಅಜ್ಜನನ್ನು ನಾನು ದೂರುತ್ತಿಲ್ಲ. ಎಲ್ಲವನ್ನೂ ಕಳೆದುಕೊಂಡ ಮನೆತನಕ್ಕೆ ಆ ಶಿಸ್ತೇ ಅನ್ನ ಕೊಟ್ಟಿತು. ಆದರೆ ಮೈ ಸೋತದ್ದಕ್ಕೆ ನಾಚಬೇಕೆಂಬ ಭಾವನೆಯೂ ಆ ಶಿಸ್ತಿನ ಜೊತೆಯಲ್ಲೇ ನನ್ನೊಳಗೆ ಬಂದು ಕುಳಿತಿತು.

ಮುಂಬಯಿಗೆ ಬಂದು, ನಮ್ಮ ಅನೇಕರಂತೆ ರಾತ್ರಿಶಾಲೆಯಲ್ಲಿ ಓದಿ, ಪರೇಲಿನ ಒಂದು ಬಟ್ಟೆ ಗಿರಣಿಯ ಸಾಂಚೆ ಖಾತೆಯಲ್ಲಿ ಸೇರಿಕೊಂಡೆ. 1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಹೆಚ್ಚೆಂದರೆ ಎರಡು ತಿಂಗಳು ಎಂದುಕೊಂಡಿದ್ದೆವು. ಹಳಬರಿಗೆ ಮುಂದಿನದೆಲ್ಲ ಗೊತ್ತೇ ಇದೆ. ಮುಷ್ಕರವನ್ನು ಹಿಂತೆಗೆದುಕೊಂಡೆವೆಂದು ಯಾರೂ ಘೋಷಿಸಲೇ ಇಲ್ಲ. ಅದು ಹಾಗೆಯೇ ಆರಿಹೋಯಿತು. ಸಾವಿರಾರು ಜನ ಗಿರಣಿಯ ಬಾಗಿಲನ್ನು ಮತ್ತೆ ಕಾಣಲಿಲ್ಲ. ಅವರಲ್ಲಿ ನಾನೂ ಒಬ್ಬ.

ಆ ವರ್ಷ ಊರಿನಿಂದ ಅಮ್ಮ ನಮ್ಮ ಚಾಳಿನ ಒಂದು ಖೋಲಿಗೆ ಬಂದಿದ್ದರು. ಅರ್ಧಾಂಗ ಬಡಿದು ಎಡಗೈ ಎಡಗಾಲು ಬಿದ್ದುಹೋಗಿತ್ತು. ಹೆಂಡತಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ನಾನು ಹಗಲು ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಿದ್ದೆ, ರಾತ್ರಿ ಒಂದು ಗೋದಾಮಿನಲ್ಲಿ ಕಾವಲು. ನಡುವೆ ಅಮ್ಮನನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು. ಮಳೆಗಾಲದ ಹೊತ್ತಿಗೆ ನಾನು ಆರಾಧನೆಗೆ ಹೋಗುವುದನ್ನೂ, ಗಿರಣಿಯ ಗೆಳೆಯರ ಸಭೆಗೆ ಹೋಗುವುದನ್ನೂ ಬಿಟ್ಟಿದ್ದೆ. ರಾತ್ರಿ ಗೋದಾಮಿನಲ್ಲಿ ಸತ್ಯವೇದ ತೆರೆಯುತ್ತಿದ್ದೆ. ಎರಡು ಸಾಲು ಮುಗಿಯುವ ಮುಂಚೆ ತಲೆ ವಾಲುತ್ತಿತ್ತು. ಎಚ್ಚರವಾದಾಗ ಅಜ್ಜನ ಮುಖ ಕಣ್ಣಮುಂದೆ ಬರುತ್ತಿತ್ತು. ಒಂದು ಬೆಳಿಗ್ಗೆ, ದೇವರು ನನ್ನನ್ನು ಕರೆದುಕೊಂಡರೆ ಸಾಕೆಂದು ಅನ್ನಿಸಿತು. ಅದನ್ನು ಯಾರಿಗೂ ಹೇಳಲಿಲ್ಲ. ಈಗ ನನ್ನ ವಯಸ್ಸಿನಲ್ಲಿ ಬರೆಯಲು ಸಂಕೋಚವಿಲ್ಲ.

ಆ ದಿನ ನಾನು ಮನೆಗೆ ಬಂದು ಹೊಸ್ತಿಲಲ್ಲೇ ಕುಸಿದು ಕುಳಿತೆ. ಪಕ್ಕದ ಖೋಲಿಯ ಮರಾಠಿ ತಾಯಿ ಒಬ್ಬರು ನೋಡಿದರು. ಅವರ ಯಜಮಾನರೂ ಮುಷ್ಕರದಲ್ಲಿದ್ದವರೇ; ಆ ಮನೆಯ ಡಬ್ಬಿಗಳೂ ನಮ್ಮವುಗಳಷ್ಟೇ ಖಾಲಿ. ಒಂದು ಜೋಳದ ಭಾಕ್ರಿ, ಹಸಿಮೆಣಸಿನಕಾಯಿಯ ಠೇಚಾ, ಒಂದು ತಂಬಿಗೆ ನೀರು ತಂದು ಮುಂದಿಟ್ಟರು. ನಾನು ಏನೋ ಅಭ್ಯಾಸಬಲದಿಂದ ಕಣ್ಣುಮುಚ್ಚಿದೆ. "ಭಾವೋಜಿ, ಆಧೀ ಜೇವಾ, ಮಗ ದೇವಾಶೀ ಬೋಲಾ" ಎಂದರು. ಮೊದಲು ಉಣ್ಣಿ, ಆಮೇಲೆ ದೇವರ ಹತ್ತಿರ ಮಾತಾಡಿ. ಉಂಡು ಅಲ್ಲಿಯೇ ಮಲಗಿದೆ. ಸಂಜೆಯವರೆಗೆ ಅಮ್ಮನನ್ನು ಅವರೇ ನೋಡಿಕೊಂಡರಂತೆ.

ಎದ್ದಾಗ ಎಲೀಯನ ನೆನಪಾಯಿತು. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳಿದ ಕಥೆ. ಆದರೆ ನಮಗೆ ಹೇಳುತ್ತಿದ್ದುದು ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದ ಭಾಗ, ಬಾಳನ ಪ್ರವಾದಿಗಳು ಸೋತ ಭಾಗ. ಅದರ ಮುಂದಿನ ಅಧ್ಯಾಯ, ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯದು, ಬೇರೆಯೇ ಮನುಷ್ಯನನ್ನು ತೋರಿಸುತ್ತದೆ. ರಾಣಿ ಈಜೆಬೆಲಳು ಕೊಲ್ಲಿಸುತ್ತೇನೆಂದು ಹೇಳಿಕಳುಹಿಸಿದ ಕೂಡಲೇ ಆ ಮಹಾಪ್ರವಾದಿ ಓಡಿಹೋಗುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಡುತ್ತಾನೆ. ಇದನ್ನು ಗಮನಿಸಬೇಕು: ದಣಿದವನು ಮೊದಲು ಮಾಡುವ ಕೆಲಸ ಜೊತೆಗಿದ್ದವನನ್ನು ದೂರ ಮಾಡುವುದು. ಆಮೇಲೆ ಒಬ್ಬನೇ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ, ಹಾಗೆಯೇ ನಿದ್ದೆಹೋಗುತ್ತಾನೆ.

ದೇವದೂತನು ಬರುತ್ತಾನೆ. ಬಂದು ಉಪದೇಶ ಮಾಡುವುದಿಲ್ಲ. ನಿನ್ನೆ ಬೆಂಕಿ ಇಳಿಸಿದ್ದನ್ನು ಕಂಡೂ ಹೀಗೇಕೆ ಎಂದು ಕೇಳುವುದಿಲ್ಲ. ಮುಟ್ಟಿ ಎಬ್ಬಿಸಿ ಉಣ್ಣು ಎನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯನು ತಿಂದು ಮತ್ತೆ ಮಲಗುತ್ತಾನೆ. ದೂತನು ಅದಕ್ಕೂ ಬಿಡುತ್ತಾನೆ. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಕಾರಣ ಹೇಳಿ. ಪ್ರವಾದಿಯ ಶಕ್ತಿಗೆ ಮಿತಿಯುಂಟೆಂದು ಪರಲೋಕವೇ ಒಪ್ಪಿಕೊಂಡ ಮಾತು ಅದು! ದೇವರ ಮೆಲುದನಿ ಕೇಳಿಸುವುದು ಇದೆಲ್ಲ ಆದ ಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಮೊದಲು ರೊಟ್ಟಿ, ನಿದ್ದೆ, ದರ್ಶನ ಆಮೇಲೆ. ನಮ್ಮ ಅಜ್ಜ ಈ ಅನುಕ್ರಮವನ್ನು ತಿರುಗುಮುರುಗು ಮಾಡಿದ್ದರೆಂದು ನನಗೆ ಅಂದು ತೋರಿತು.

ಯೇಸುಸ್ವಾಮಿಯೂ ದಣಿದವನೇ. ಯೋಹಾನನ ಸುವಾರ್ತೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪ್ರಯಾಣದಿಂದ ಬಳಲಿ ಯಾಕೋಬನ ಬಾವಿಯ ಬಳಿ ಕುಳಿತು, ಯೆಹೂದ್ಯರು ಬಳಕೆ ಇಟ್ಟುಕೊಳ್ಳದಿದ್ದ ಸಮಾರ್ಯದ ಹೆಂಗಸೊಬ್ಬಳಲ್ಲಿ ನೀರು ಕೇಳುತ್ತಾನೆ. ಬಲ ಕೊಡುವವನೇ ಕೈಯೊಡ್ಡಿದ ಮೇಲೆ, ಪರಭಾಷೆಯ ನೆರೆಯವಳ ಭಾಕ್ರಿಗೆ ಕೈಯೊಡ್ಡಲು ನನಗೇಕೆ ನಾಚಿಕೆ? ಊರು ಬಿಟ್ಟು ಬಂದ ನಾವು "ನಮ್ಮವರು" ಹತ್ತಿರವಿಲ್ಲವೆಂದು ಎಷ್ಟು ಸಲ ಬಾಯಾರಿಕೊಂಡೇ ಕುಳಿತಿರುತ್ತೇವೋ!

ಆದರೆ ಇಷ್ಟಕ್ಕೆ ಪ್ರಶ್ನೆ ಮುಗಿಯಲಿಲ್ಲ. ಬೆಳಗಾವಿ ಕಡೆಯ ಗೆಳೆಯನೊಬ್ಬ, ಕೆಂಪು ಬಾವುಟದವನು, ನನ್ನ ಪಕ್ಕದ ಸಾಂಚೆಯಲ್ಲಿ ದುಡಿದವನು, ನಾನು ಮತ್ತೆ ಆರಾಧನೆಗೆ ಹೋಗತೊಡಗಿದ್ದನ್ನು ಕಂಡು ಒಂದು ದಿನ ಹೇಳಿದ: "ನೋಡಪಾ, ನಿನ್ನ ಪ್ರಾರ್ಥನಿ ಅಂದ್ರ ಮಾಲಕನ ಸಾಂಚೇಕ ಎಣ್ಣಿ ಬಿಟ್ಟಂಗ. ದಣದ ಎತ್ತಿಗಿ ಹುಲ್ಲ ಹಾಕೂದು ಯಾಕ? ನಾಳೆ ಮತ್ತ ನೊಗಕ್ಕ ಹೂಡಾಕ."

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅನ್ಯಾಯದಿಂದ ಸೋತವನಿಗೆ ಸಹಿಸುವ ಬಲವನ್ನಷ್ಟೇ ಕೊಡುವ ಧರ್ಮ ಅನ್ಯಾಯದ ಕಡೆಯದೇ ಆಗುತ್ತದೆ. ಹಾಗೆ ನಡೆದದ್ದೂ ಉಂಟು. ಬೆನ್ನು ಬಾಗಿದವನಿಗೆ ತಾಳ್ಮೆಯನ್ನೇ ಬೋಧಿಸಿ ಕೈತೊಳೆದುಕೊಂಡ ಪ್ರಸಂಗಗಳನ್ನು ನಾನೂ ಕೇಳಿದ್ದೇನೆ. ಅಂದು ಅವನಿಗೆ ಉತ್ತರ ಹೇಳಲಾಗಲಿಲ್ಲ. ಆ ವಾರವೆಲ್ಲ ಗೋದಾಮಿನ ದೀಪದ ಕೆಳಗೆ ಎಲೀಯನ ಕಥೆಯನ್ನೇ ಮುಂದಕ್ಕೆ ಓದಿದೆ.

ಹೋರೇಬಿನಲ್ಲಿ ಎಲೀಯನು ತಾನೊಬ್ಬನೇ ಉಳಿದಿದ್ದೇನೆಂದು ಎರಡು ಸಲ ದೂರುತ್ತಾನೆ. ದೇವರು ಸಮಾಧಾನ ಹೇಳುವುದಿಲ್ಲ, ಲೆಕ್ಕ ಹೇಳುತ್ತಾನೆ: ಬಾಳನಿಗೆ ಮಣಿಯದ ಏಳು ಸಾವಿರ ಜನ ಇದ್ದಾರೆ. ಜೊತೆಗೆ ಎಲೀಷನೆಂಬ ಉತ್ತರಾಧಿಕಾರಿಯನ್ನು ತೋರಿಸುತ್ತಾನೆ. ಬೇರ್ಷೆಬದಲ್ಲಿ ಸಂಗಡಿಗನನ್ನು ಬಿಟ್ಟವನಿಗೆ ಹೊಸ ಸಂಗಡಿಗ. ಇನ್ನು ಆ ಬಲ ಯಾವುದಕ್ಕೆ ಖರ್ಚಾಯಿತು ಎಂಬುದು ಇಪ್ಪತ್ತೊಂದನೆಯ ಅಧ್ಯಾಯದಲ್ಲಿದೆ. ಅಹಾಬ ರಾಜನಿಗೆ ತನ್ನ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕಾಗುತ್ತದೆ. ಪಿತ್ರಾರ್ಜಿತವೆಂದು ನಾಬೋತನು ಕೊಡುವುದಿಲ್ಲ. ರಾಣಿ ಸುಳ್ಳು ಸಾಕ್ಷಿ ಹೂಡಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ರಾಜ ತೋಟಕ್ಕೆ ಕಾಲಿಡುವ ಹೊತ್ತಿಗೆ ಅಲ್ಲಿ ಎದುರು ನಿಂತು ಕೊಲೆಗಾರನೆಂದು ಮುಖಕ್ಕೆ ಹೇಳುವವನು ಯಾರು? ಜಾಲಿಗಿಡದ ಕೆಳಗೆ ಸಾಯಬೇಕೆಂದು ಮಲಗಿದ್ದ ಅದೇ ಮನುಷ್ಯ. ಯಾವ ರಾಣಿಗೆ ಹೆದರಿ ಓಡಿದ್ದನೋ ಅವಳದೇ ಅರಮನೆಯ ಪಕ್ಕದಲ್ಲಿ.

ಪ್ರಾರ್ಥನೆಯಿಂದ ನನ್ನ ಕೆಲಸ ಮರಳಿ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಅಮ್ಮ 1983ರ ಬೇಸಗೆಯಲ್ಲಿ ತೀರಿಕೊಂಡರು. ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದೆವು; ಬಂದದ್ದು ಅರೆಪಾಲು. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದರೂ ದೇವರು ತೆಗೆಯಲಿಲ್ಲ ಎಂಬುದನ್ನು ನಾನು ಈಗಲೂ ಪೂರ್ತಿ ಅರ್ಥಮಾಡಿಕೊಂಡಿಲ್ಲ. ನನಗೆ ದೊರೆತದ್ದು ಇಷ್ಟೇ: ಮತ್ತೆ ನಾಲ್ಕು ಜನರ ನಡುವೆ ಹೋಗಿ ಕೂರುವ, ಅಲೆದಾಟದಲ್ಲಿ ಅವರ ಅರ್ಜಿಗಳನ್ನೂ ಬರೆದುಕೊಡುವ ಚೈತನ್ಯ. ರಾತ್ರಿಶಾಲೆಯ ಅಕ್ಷರ ಅಲ್ಲಿ ಉಪಯೋಗಕ್ಕೆ ಬಂತು. ಕಾವಲಿನ ರಾತ್ರಿಗಳಲ್ಲಿ ನಿದ್ದೆ ಬಂದರೆ ಎದ್ದು ಮುಖ ತೊಳೆಯುತ್ತಿದ್ದೆ, ಸಂಬಳ ಕೊಡುವವರ ಋಣಕ್ಕಾಗಿ. ಮನೆಯಲ್ಲಿ ಪ್ರಾರ್ಥನೆಯ ನಡುವೆ ನಿದ್ದೆ ಬಂದರೆ ಸುಮ್ಮನೆ ಮಲಗುತ್ತಿದ್ದೆ.

ಗೆಳೆಯನಿಗೆ ನಾಬೋತನ ಕಥೆಯನ್ನು ಹೇಳಿದ್ದು ಅಂಥದೇ ಒಂದು ಅರ್ಜಿ ಬರೆಯುತ್ತಿದ್ದ ಸಂಜೆ, ಲಾಲ್‌ಬಾಗಿನ ಒಂದು ಖಾನಾವಳಿಯಲ್ಲಿ. ಅವನು ಊಟ ನಿಲ್ಲಿಸಿ ಕೊನೆಯವರೆಗೆ ಕೇಳಿದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತ, "ಇಷ್ಟ ದಿವಸ ಈ ಕತಿ ಎಲ್ಲಿ ಮುಚ್ಚಿ ಇಟ್ಟಿದ್ದಿ?" ಎಂದು ಕೇಳಿದ.